ಹುರಿ

ನಿರಾಕ್ಷೇಪಣಾ ಪತ್ರಕ್ಕೆ ಮೂರು ಸೀಲು ಬಿದ್ದವು.
ನಾಲ್ಕನೆಯದಕ್ಕೆ ಸೂಪರಿಂಟೆಂಡೆಂಟ್ ತಿಪ್ಪೇರುದ್ರಪ್ಪನವರು
ಒಣಗಿದ ಇಂಕ್ ಪ್ಯಾಡಿಗೆ ಎರಡು ಹನಿ ನೀರು ಬಿಟ್ಟು
'ಒಂದೇ ಸೆಮಿಸ್ಟರ್ ತಾನೆ ಮೇಡಂ?' ಅಂದರು.
ಹೋಗುವ ಊರಿನ ಹೆಸರನ್ನು
ಆಫೀಸಿನ ಮೂವರು ಮೂರು ಥರ ಓದಿದ್ದರು:
ಲೋಡ್ಜ್, ಲಾಡ್ಜ್, 'ಇದೇನು, ಲಾಡ್ಜಾ?'

ಅಲ್ಲಿಯವರು ವೂಚ್ ಅನ್ನುತ್ತಾರಂತೆ.
ಹಾಗೆಂದರೆ ದೋಣಿ.
ನಕ್ಷೆಯಲ್ಲಿ ಹುಡುಕಿದೆ, ದೋಣಿ ಬಿಡುವಂಥ ಹೊಳೆ ಕಾಣಲಿಲ್ಲ.
ಕುದುರೆಗಳನ್ನು ದಾವಣಿಗೆ ಕಟ್ಟುತ್ತಿದ್ದ ಕೆರೆ, ಅದಕ್ಕೇ ದಾವಣಗೆರೆ
ಎಂದು ನಮಗೆ ಮೂರನೇ ಕ್ಲಾಸಿನ ಮೇಷ್ಟ್ರು ಹೇಳಿದ್ದರು.
ಕಿಟಕಿಯಾಚೆ ಆಗಲೇ ಬರೀ ಸೈಕಲ್ ಸ್ಟ್ಯಾಂಡು.

ಅಲ್ಲೂ ಹತ್ತಿ. ಅಲ್ಲೂ ಕೆಂಪಿಟ್ಟಿಗೆಯ ಗಿರಣಿ, ಉದ್ದ ಚಿಮಣಿ.
ಅಲ್ಲೂ ಒಂದು ಬೆಳಿಗ್ಗೆ ಸೈರನ್ ಕೂಗದೆ
ಜನ ಹಾಸಿಗೆಯಲ್ಲೇ ಎದ್ದು ಕೂತಿರಬೇಕು.

ಹನುಮಕ್ಕನಿಗೆ ಹೇಳಿಬರಲು ಹೋದೆ.
ರೀಲಿಂಗ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು.
ಕಡಿದ ಎಳೆಯನ್ನು ಕಣ್ಣು ಮಿಟುಕಿಸುವುದರೊಳಗೆ ಕೂಡಿಸುವುದನ್ನು
ನನ್ನ ಹುಡುಗರಿಗೆ ತೋರಿಸಲು ವರ್ಷಕ್ಕೊಮ್ಮೆ ಕರೆಸುತ್ತೇನೆ,
ಬಿಲ್ಲಿನಲ್ಲಿ 'ಸಂಪನ್ಮೂಲ ವ್ಯಕ್ತಿ' ಎಂದು ಬರೆದು
ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ.

'ಅಲ್ಲಿ ಗಿರಣಿ ನಡೀತಾವೇನು?'
'ಇಲ್ಲಕ್ಕ, ಮುಚ್ಚ್ಯಾವು. ಒಳಗೆ ಅಂಗಡಿ, ಸಿನಿಮಾ ಮಾಡ್ಯಾರಂತೆ.'
'ಹಂಗಾರೆ ಹೋಗಿ ಏನ್ ಕಲಿಸ್ತೀಯವ್ವ?'

ಟೀ ಮೇಲೆ ಕೆನೆ ಕಟ್ಟಿತು.
ಅವಳು ಟ್ರಂಕಿನ ತಳಕ್ಕೆ ಕೈಹಾಕಿ
ಸೀರೆಯ ಮಡಿಕೆಯೊಳಗಿಂದ ಒಂದು ಲಡಿ ತೆಗೆದಳು,
ನಲವತ್ತನೇ ನಂಬರಿನ ನೂಲು, ಕೊನೆಯ ಪಾಳಿಯದು.
'ಕದ್ದಿದ್ದಲ್ಲ' ಅಂದಳು. ನಾನು ಕೇಳಿರಲಿಲ್ಲ.

ರಾತ್ರಿ ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಪಾಠ.
ಹುರಿ ಅನ್ನುವಲ್ಲೆಲ್ಲ ಟ್ವಿಸ್ಟ್ ಅನ್ನಬೇಕು.
ಬಲಮುರಿ ಅಂದರೆ ಇಲ್ಲಿ ಗಣಪತಿಯ ಸೊಂಡಿಲೇ ಅರ್ಧ ಪಾಠ ಮಾಡುತ್ತೆ.
'ನಿಮ್ಮಜ್ಜಿ ಬತ್ತಿ ಹೊಸೀತಾಳಲ್ಲ, ಹಂಗೆ' ಅಂದರೆ
ಕೊನೇ ಬೆಂಚೂ ತಲೆ ಎತ್ತುತ್ತೆ.
ಅಲ್ಲಿ ಯಾರ ಅಜ್ಜಿ ಏನು ಹೊಸೆಯುತ್ತಾಳೋ.
ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಬರುವ 'ತಿಳೀತೇನ್ರೋ?'
ಇಂಗ್ಲಿಷಿಗೆ ಹಾಕಿದರೆ ಗದರಿದಂತಿದೆ,
ಮೆತ್ತಗೆ ಮಾಡಿದರೆ ಬೇಡಿದಂತೆ.

ಇಪ್ಪತ್ತಮೂರು ಕಿಲೋ, ಅದಕ್ಕೆ ಮೀರುವಂತಿಲ್ಲ.
ಮಂಡಕ್ಕಿಗೆ ತೂಕವಿಲ್ಲ, ಜಾಗ ಬೇಕು.
ಭಟ್ಟಿಯ ಖಾಜಾಸಾಬ್ 'ಹುರಿ ಸ್ವಲ್ಪ ಜೋರಾಗೇ ಹಾಕೀನಿ ಮೇಡಂ,
ಥಂಡಿ ದೇಶ, ಮೆತ್ತಗಾಗಬಾರದು' ಅಂದ.
ಅವನದೂ ಹುರಿ, ನನ್ನದೂ ಹುರಿ.
ಎರಡು ಸ್ವೆಟರ್ ತೆಗೆದು ಚೀಲ ಒಳಗಿಟ್ಟೆ,
ಮತ್ತೆ ಒಂದು ಸ್ವೆಟರ್ ವಾಪಸ್ಸಿಟ್ಟೆ.

ನನ್ನ ಕ್ಲಾಸುಗಳು ಶಾಹಿದಾಗೆ.
ನನ್ನದೇ ವಿದ್ಯಾರ್ಥಿನಿ, ಎರಡು ವರ್ಷದಿಂದ
ತಾಸಿನ ಲೆಕ್ಕಕ್ಕೆ ಕರೆ ಬರಲೆಂದು ಕಾಯುತ್ತಿದ್ದಳು.
'ಮಧ್ಯದಲ್ಲಿ ರಜಕ್ಕೆ ಅಂತ ಬಂದುಬಿಡಲ್ಲ ತಾನೆ ಮೇಡಂ?'
ಕೇಳಿಬಿಟ್ಟು ತುಟಿ ಕಚ್ಚಿಕೊಂಡಳು.
ಐದು ತಿಂಗಳಿಗೆ ಐದು ಸಂಬಳ.
ಈ ಊರಲ್ಲಿ ನಾನು ಇಲ್ಲದಿರಲಿ ಎಂದು
ಯಾರೋ ಹರಕೆ ಹೊರುವಷ್ಟು ದೊಡ್ಡವಳಾದೆನೇ?
ಸಿಟ್ಟು ಬರಲಿಲ್ಲ. ಬಂತು, ಸ್ವಲ್ಪ.

ಲ್ಯಾಬಿನ ಬೀಗದ ಕೈ ಕೊಡುವಾಗ ಹೇಳಿದೆ:
ಹುರಿ ಅಳೆಯುವ ಮೆಷಿನ್ನು ಆಗಾಗ ಕಚ್ಚಿಕೊಳ್ಳುತ್ತೆ,
ಎಡಪಕ್ಕ ಅಂಗೈಯಿಂದ ಒಮ್ಮೆ ತಟ್ಟು, ಜೋರಾಗಿ ಬೇಡ.
ಮಾಡಿ ತೋರಿಸಲು ಬೇರೆ ನೂಲಿರಲಿಲ್ಲ.
ಹನುಮಕ್ಕನ ಲಡಿಯಿಂದ ಒಂದೆಳೆ ತೆಗೆದು
ಎರಡು ದವಡೆಗಳ ನಡುವೆ ಒಂದಿಂಚು ಬಿಗಿದೆವು.

ಎಷ್ಟು ಹುರಿಯಿದೆ ಎಂದು ತಿಳಿಯಬೇಕಾದರೆ
ಹುರಿ ಬಿಚ್ಚಲೇಬೇಕು, ಬೇರೆ ದಾರಿಯಿಲ್ಲ.
ಮೊದಲ ಪಾಠದಲ್ಲೇ ಹೇಳುವ ಮಾತಿದು, ಎಷ್ಟು ವರ್ಷದಿಂದ,
ಹುಡುಗರು ಬರೆದುಕೊಳ್ಳುತ್ತಾರೆ.

ಹಿಡಿ ತಿರುಗಿಸುತ್ತ ಶಾಹಿದಾ ಎಣಿಸಿದಳು,
ನಾನೂ ಮನಸ್ಸಿನಲ್ಲಿ.
ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು,
ಕರೆಂಟು ಹೋಯಿತು.
ಕತ್ತಲಲ್ಲಿ ಇಬ್ಬರಿಗೂ ಲೆಕ್ಕ ತಪ್ಪಿ
ನಗು ಬಂತು.
ಮೊಬೈಲು ಬೆಳಕಿನಲ್ಲಿ ಇನ್ನೊಂದೆಳೆ ತೆಗೆದೆ.
ತಟ್ಟಿದಳು, ಎಡಪಕ್ಕ, ನಾನು ತಟ್ಟುವುದಕ್ಕಿಂತ ಮೆತ್ತಗೆ.
ಒಂದು.